ಅಂಜನ ಹುಲ್ಲು: ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಮಡ್ಡಿ ಭೂಮಿಗೆ ಬಹುವಾರ್ಷಿಕ ಮೇವು

ಪೀಠಿಕೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳು ಘಟಪ್ರಭಾ ನದಿಯ ಆಶ್ರಯದಲ್ಲಿವೆ. 1897ರಲ್ಲಿ ಪೂರ್ಣಗೊಂಡ ಧೂಪದಾಳದ ಒಡ್ಡು ಹಾಗೂ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ನಿರ್ಮಿಸಲಾದ ಸುಮಾರು 51 ಟಿ.ಎಂ.ಸಿ. ಸಾಮರ್ಥ್ಯದ ರಾಜಾ ಲಖಮಗೌಡ ಜಲಾಶಯದಿಂದ ಈ ಭಾಗದ ಬಹಳಷ್ಟು ಎರೆ ಭೂಮಿಯು ಕಬ್ಬಿನ ನಾಡಾಗಿ ಪರಿವರ್ತನೆ ಹೊಂದಿದೆ. ಕಬ್ಬು ಕಡಿಯುವ ನಾಲ್ಕೈದು ತಿಂಗಳು ದನಕರುಗಳಿಗೆ ಕಬ್ಬಿನ ಸೋಗೆ ಧಾರಾಳವಾಗಿ ದೊರೆಯುತ್ತದೆ. ಕಾರ್ಖಾನೆಗಳು ಕಬ್ಬು ಅರೆಯುವುದನ್ನು ನಿಲ್ಲಿಸಿದ ಕೂಡಲೇ ಸೋಗೆಯೂ ನಿಲ್ಲುತ್ತದೆ. ಅಲ್ಲಿಂದ ಮುಂಗಾರು ಹಿಡಿಯುವವರೆಗಿನ ಬೇಸಿಗೆಯ ದಿನಗಳಲ್ಲಿ ಹಸಿರು ಮೇವಿನ ಕೊರತೆ ಉಂಟಾಗಿ, ಹಾಲಿನ ಇಳುವರಿ ಕುಗ್ಗುತ್ತದೆ. ಕಣಕಿಯ ಬೆಲೆ ಏರುತ್ತದೆ. ಅನೇಕ ಕುಟುಂಬಗಳು ಸಂತೆಯಲ್ಲಿ ಸಿಕ್ಕಿದ ಬೆಲೆಗೆ ಎಮ್ಮೆ, ಆಕಳುಗಳನ್ನು ಮಾರಾಟ ಮಾಡಬೇಕಾದ ಪ್ರಸಂಗ ಒದಗುತ್ತದೆ.

ಕಾಲುವೆ ನೀರು ಏರದ ಮಡ್ಡಿ ಹೊಲಗಳ ಒಡೆಯರಿಗೆ ಹಾಗೂ ಕುರಿಗಾರರಿಗೆ ಸೋಗೆಯ ಆಸರೆಯೂ ಇಲ್ಲ. 2023ನೇ ಸಾಲಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಇದಕ್ಕೆ ನಾಲ್ಕು ವರ್ಷ ಮೊದಲು, 2019ರ ಆಗಸ್ಟ್ ತಿಂಗಳಿನಲ್ಲಿ, ಇದೇ ಘಟಪ್ರಭೆಯ ಪ್ರವಾಹವು ಗೋಕಾಕ ಪಟ್ಟಣಕ್ಕೂ ನದಿ ತೀರದ ಗ್ರಾಮಗಳಿಗೂ ನುಗ್ಗಿತ್ತು. ಅತಿವೃಷ್ಟಿಯಾಗಲಿ, ಅನಾವೃಷ್ಟಿಯಾಗಲಿ, ನದಿ ದಂಡೆಯ ಮೇವನ್ನೇ ನಂಬಿದವರಿಗೆ ಮೊದಲು ಪೆಟ್ಟು ಬೀಳುತ್ತದೆ. ಆದುದರಿಂದ ಎತ್ತರದ, ಕಲ್ಲು ಮಿಶ್ರಿತ, ಮಳೆಯಾಶ್ರಿತ ಭೂಮಿಯಲ್ಲಿ ಒಮ್ಮೆ ಬಿತ್ತಿದರೆ ಎಂಟು ಹತ್ತು ವರ್ಷ ಉಳಿಯಬಲ್ಲ ಮೇವಿನ ಬೆಳೆಯನ್ನು ರೂಢಿಸಿಕೊಳ್ಳುವುದು ಅವಶ್ಯವಾಗಿದೆ. ಇದಕ್ಕೆ ಯೋಗ್ಯವಾದ ಬೆಳೆ ಅಂಜನ ಹುಲ್ಲು. ಇದರ ಬೇಸಾಯ ಕಷ್ಟಕರವಲ್ಲ. ಆದರೆ ಮೊದಲ ವರ್ಷ ತಾಳ್ಮೆ ಬೇಕು. ವಿಫಲವಾದ ಅಂಜನ ಹೊಲಗಳಲ್ಲಿ ಹೆಚ್ಚಿನವು ಈ ಮೊದಲ ವರ್ಷದಲ್ಲಿಯೇ ಕೆಟ್ಟಿರುತ್ತವೆ.

ಸಸ್ಯ ಪರಿಚಯ

ಅಂಜನ ಹುಲ್ಲಿನ ಸಸ್ಯಶಾಸ್ತ್ರೀಯ ಹೆಸರು ಸೆಂಕ್ರಸ್ ಸಿಲಿಯಾರಿಸ್. ಈ ಹೆಸರನ್ನು 1771ರಲ್ಲಿ ಲಿನೇಯಸ್ ನೀಡಿದನು. ಆಂಗ್ಲ ಭಾಷೆಯಲ್ಲಿ ಬಫೆಲ್ ಗ್ರಾಸ್ ಎಂದೂ, ತಮಿಳಿನಲ್ಲಿ ಕೊಳುಕಟ್ಟೈ ಹುಲ್ಲು ಎಂದೂ ಕರೆಯಲಾಗುತ್ತದೆ. ಆಫ್ರಿಕಾ, ಅರೇಬಿಯಾ ಮತ್ತು ಭಾರತದ ಒಣ ಪ್ರದೇಶಗಳು ಇದರ ತವರು. ಸಜ್ಜೆ ಮತ್ತು ನೇಪಿಯರ್ ಹುಲ್ಲು ಇದರ ಹತ್ತಿರದ ಬಂಧುಗಳು; ಸಜ್ಜೆಯ ತೆನೆಯನ್ನು ಕಿರಿದು ಮಾಡಿ ಕೂದಲು ಅಂಟಿಸಿದಂತೆ ಇದರ ತೆನೆ ಕಾಣುವುದನ್ನು ರೈತರು ಗಮನಿಸಿರಬಹುದು. ಹಿಂದಿ, ಮರಾಠಿ ಭಾಷಿಕರು ಅಂಜನ್ ಎಂದು ಕರೆಯುವ ಮರವೊಂದಿದೆ. ಅದು ನಮ್ಮಲ್ಲಿ ಕಮರ ಎಂದು ಹೆಸರಾದ ಮರ. ಅದಕ್ಕೂ ಈ ಹುಲ್ಲಿಗೂ ಸಂಬಂಧವಿಲ್ಲವಾದ್ದರಿಂದ ಬೀಜ ಕೇಳುವಾಗ ಅಂಜನ ಹುಲ್ಲಿನ ಬೀಜ ಎಂದೇ ಸ್ಪಷ್ಟವಾಗಿ ಕೇಳತಕ್ಕದ್ದು.

ಈ ಹುಲ್ಲು ಗುಂಪು ಗುಂಪಾಗಿ ಬೆಳೆಯುತ್ತದೆ. ತಳಿ ಮತ್ತು ಮಳೆಗೆ ಅನುಸಾರವಾಗಿ 30 ರಿಂದ 120 ಸೆಂ.ಮೀ. ಎತ್ತರವಾಗುತ್ತದೆ. ತೆನೆಯು ಬೆರಳುದ್ದವಿದ್ದು, ನೇರಳೆ ಅಥವಾ ಹುಲ್ಲಿನ ಬಣ್ಣದ ಮೃದುವಾದ ಕೂದಲಿನಿಂದ ಆವೃತವಾಗಿರುತ್ತದೆ. ಬೇರುಗಳು ಅನುಕೂಲಕರ ಮಣ್ಣಿನಲ್ಲಿ 2 ಮೀಟರಿನಷ್ಟು ಆಳಕ್ಕೆ ಇಳಿಯಬಲ್ಲವು. ಬುಡದ ಗಂಟುಗಳಲ್ಲಿ ಆಹಾರ ಸಂಗ್ರಹವಾಗಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಎಲೆ ಪೂರ್ತಿ ಒಣಗಿ ಹುಲ್ಲು ಸತ್ತಂತೆ ಕಂಡರೂ, ಮೇ ತಿಂಗಳಿನ ಒಂದು ಅಡ್ಡ ಮಳೆಗೆ ಬುಡದಿಂದ ಚಿಗುರೊಡೆಯುತ್ತದೆ. ಜೋಳದ ಬಿತ್ತನೆಗೆ ಭೂಮಿ ಇನ್ನೂ ಸಿದ್ಧವಾಗುವ ಮೊದಲೇ ಇಲ್ಲಿ ಹಸಿರು ಕಾಣಿಸಿಕೊಳ್ಳುವುದು ಈ ಬೆಳೆಯ ಮುಖ್ಯ ಲಾಭ.

ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಕರಡದ ಜಾತಿಯ ಹುಲ್ಲುಗಳು ಬೀಜ ಬಲಿತ ನಂತರ ಈಟಿಯಂತಹ ಮೊನೆಯನ್ನು ಹೊಂದಿರುತ್ತವೆ. ಅವು ಕುರಿಯ ಉಣ್ಣೆಗೆ ಸಿಕ್ಕಿ ಚರ್ಮವನ್ನು ಕೊರೆಯುತ್ತವೆ, ಬಾಯಿಯಲ್ಲಿ ಹುಣ್ಣು ಮಾಡುತ್ತವೆ. ಅಂಜನ ಹುಲ್ಲಿನ ಕೂದಲು ಚುಚ್ಚುವುದಿಲ್ಲ. ಡೆಕ್ಕನಿ ಕುರಿ ಸಾಕುವವರು ಈ ಅಂಶವನ್ನು ವಿಶೇಷವಾಗಿ ಪರಿಗಣಿಸಬಹುದಾಗಿದೆ.

ಹವಾಗುಣ ಮತ್ತು ಭೂಮಿಯ ಆಯ್ಕೆ

ಕೃಷಿ ಹವಾಮಾನ ವಿಂಗಡಣೆಯಂತೆ ಗೋಕಾಕ ಮತ್ತು ಅದರಿಂದ ಬೇರ್ಪಟ್ಟು ಹೊಸ ತಾಲ್ಲೂಕಾಗಿ ರಚನೆಯಾದ ಮೂಡಲಗಿಯ ಭಾಗವು ಉತ್ತರ ಒಣ ವಲಯಕ್ಕೆ, ಹುಕ್ಕೇರಿಯು ಉತ್ತರ ಸಂಕ್ರಮಣ ವಲಯಕ್ಕೆ ಸೇರುತ್ತವೆ. ಉತ್ತರ ಒಣ ವಲಯದ ವಾರ್ಷಿಕ ಮಳೆ ಸುಮಾರು 465 ರಿಂದ 785 ಮಿ.ಮೀ. ಅಂಜನ ಹುಲ್ಲಿಗೆ 300 ರಿಂದ 750 ಮಿ.ಮೀ. ಮಳೆ ಅತ್ಯಂತ ಅನುಕೂಲಕರ. ಈ ದೃಷ್ಟಿಯಿಂದ ಗೋಕಾಕ, ಮೂಡಲಗಿ ತಾಲ್ಲೂಕುಗಳು ಹಾಗೂ ಹುಕ್ಕೇರಿಯ ಪೂರ್ವ ಭಾಗ ಈ ಬೆಳೆಗೆ ಹೇಳಿ ಮಾಡಿಸಿದಂತಿವೆ. ಹುಕ್ಕೇರಿಯ ಪಶ್ಚಿಮದ ಅಂಚಿನಲ್ಲಿ ಮಳೆ ಹೆಚ್ಚಿರುವುದರಿಂದ ನೀರು ಬಸಿದು ಹೋಗುವ ಇಳಿಜಾರು ಭೂಮಿಯನ್ನು ಮಾತ್ರ ಆರಿಸಿಕೊಳ್ಳಬೇಕು.

ಮಣ್ಣಿನ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಸೂಕ್ತ. ಅಂಜನ ಹುಲ್ಲು ಬರವನ್ನು ಸಹಿಸುತ್ತದೆ, ನಿಂತ ನೀರನ್ನು ಸಹಿಸುವುದಿಲ್ಲ. ಕಾಲುವೆ ಕೆಳಗಿನ ಜವಳು ಭೂಮಿ, ಮಳೆಗಾಲದಲ್ಲಿ ವಾರಗಟ್ಟಲೆ ನೀರು ಹಿಡಿಯುವ ಆಳವಾದ ಎರೆ ಭೂಮಿ ಮತ್ತು ನದಿ ದಂಡೆಯ ಮುಳುಗಡೆ ಹೊಲಗಳು ಇದಕ್ಕೆ ತಕ್ಕುದಲ್ಲ. ಮಸಾರಿ, ಮರಳು ಮಿಶ್ರಿತ ಗೋಡು, ಗರಸು ಭೂಮಿ, ಸುಣ್ಣದ ಹರಳು ಇರುವ ಮಡ್ಡಿ, ಇವು ಉತ್ತಮ. ತಟಸ್ಥದಿಂದ ಅಲ್ಪ ಕ್ಷಾರ ಗುಣದ ಮಣ್ಣಿನಲ್ಲಿ ಬೆಳೆ ಹುಲುಸಾಗಿ ಬರುತ್ತದೆ. ಗೋಕಾಕದ ಜಲಪಾತ ಧುಮುಕುವ ಮರಳುಗಲ್ಲಿನ ಬೆಟ್ಟ ಸಾಲಿನ ಬುಡದಲ್ಲಿರುವ ಕೆಲವು ಕೆಂಪು ಮರಳು ಹೊಲಗಳು ಆಮ್ಲೀಯವಾಗಿರುವ ಸಾಧ್ಯತೆ ಇರುತ್ತದೆ. ಅಂತಹ ಕಡೆ ಮಣ್ಣು ಪರೀಕ್ಷೆ ಮಾಡಿಸಿದ ನಂತರವೇ ಬಿತ್ತನೆಗೆ ಮುಂದಾಗುವುದು ಒಳಿತು, ರಸಸಾರ 5.5ಕ್ಕಿಂತ ಕಡಿಮೆ ಇದ್ದಲ್ಲಿ ಸುಣ್ಣ ಹಾಕದೆ ಈ ಹುಲ್ಲು ಏಳಿಗೆಯಾಗದು.

ನೀರಾವರಿ ಸೌಲಭ್ಯವಿರುವ ರೈತರು ಅಂಜನ ಹುಲ್ಲಿನ ಬದಲಾಗಿ ಸಂಕರಣ ನೇಪಿಯರ್ ಅಥವಾ ಗಿನಿ ಹುಲ್ಲನ್ನು ಬೆಳೆಯುವುದು ಹೆಚ್ಚು ಲಾಭದಾಯಕ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಧಾರವಾಡ ಪ್ರಾದೇಶಿಕ ಕೇಂದ್ರವು ಅಭಿವೃದ್ಧಿಪಡಿಸಿದ ಡಿ.ಎಚ್.ಎನ್.-6 ನೇಪಿಯರ್ ಮತ್ತು ಡಿ.ಜಿ.ಜಿ.-1 ಗಿನಿ ತಳಿಗಳು ಅಂತಹ ಭೂಮಿಗೆ ಸೂಕ್ತ. ನೀರು ಕೊಟ್ಟು ಅಂಜನ ಹುಲ್ಲು ಬೆಳೆಯುವುದು ಎತ್ತಿನ ಕೆಲಸಕ್ಕೆ ಕುದುರೆ ಹೂಡಿದಂತೆ.

ತಳಿಗಳು

ಜೋಧಪುರದ ಕೇಂದ್ರೀಯ ಒಣ ವಲಯ ಸಂಶೋಧನಾ ಸಂಸ್ಥೆಯ ಮಾರವಾಡ ಅಂಜನ್ ಅಥವಾ ಕಾಜ್ರಿ-75, 1962ರಲ್ಲಿ ಸ್ಥಾಪನೆಯಾದ ಝಾನ್ಸಿಯ ಹುಲ್ಲುಗಾವಲು ಸಂಸ್ಥೆಯ ಬುಂದೇಲ ಅಂಜನ್-1 ಹಾಗೂ ಬುಂದೇಲ ಅಂಜನ್-3, ಮತ್ತು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ನೀಲ ಕೊಳುಕಟ್ಟೈ ಎಂಬ ಸಿ.ಓ.-1 ಮುಖ್ಯ ತಳಿಗಳು. ಇವುಗಳಲ್ಲಿ ಯಾವುದು ಸಕಾಲದಲ್ಲಿ ನಂಬಿಕೆಯ ಮೂಲದಿಂದ ದೊರೆಯುವುದೋ ಅದನ್ನು ಬಿತ್ತುವುದು ಮೇಲು. ತಳಿಯ ಹೆಸರಿಗಿಂತ ಬೀಜದ ವಯಸ್ಸು ಮುಖ್ಯ. ಇದನ್ನು ಮುಂದೆ ವಿವರಿಸಲಾಗಿದೆ.

ಬೀಜದ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಅಂಜನ ಹುಲ್ಲಿನ ಬೀಜ ಎಂದು ನಮ್ಮ ಕೈಗೆ ಬರುವುದು ವಾಸ್ತವವಾಗಿ ಕೂದಲಿನ ಚಿಕ್ಕ ಚೆಂಡು. ಅದರೊಳಗೆ ಒಂದರಿಂದ ಮೂರು ಕಾಳುಗಳಿರಬಹುದು; ಕೆಲವು ಚೆಂಡುಗಳು ಬರಿದಾಗಿರುತ್ತವೆ. ಆದ್ದರಿಂದ ಚೀಲದ ತೂಕವನ್ನು ಮಾತ್ರ ನೋಡಿ ಬೀಜ ಕೊಳ್ಳಬಾರದು. ಹಿಡಿಯಷ್ಟು ಬೀಜವನ್ನು ಅಂಗೈಯಲ್ಲಿ ತಿಕ್ಕಿ ಊದಿದಾಗ ಕಾಳು ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಬೇಕು.

ಎರಡನೆಯದಾಗಿ, ಆಗ ತಾನೇ ಕೊಯ್ದ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಬೀಜಕ್ಕೆ ಸುಪ್ತಾವಸ್ಥೆ ಇದ್ದು, ಕೊಯ್ಲಾದ ನಂತರ ಕನಿಷ್ಠ 6 ರಿಂದ 8 ತಿಂಗಳು ಒಣಗಿದ ಸ್ಥಳದಲ್ಲಿ ಸಂಗ್ರಹಿಸಿಟ್ಟಲ್ಲಿ ಮೊಳಕೆ ಪ್ರಮಾಣ ಹೆಚ್ಚುತ್ತದೆ. ಒಂದು ವರ್ಷ ಹಳೆಯ ಬೀಜ ಇನ್ನೂ ಉತ್ತಮ. ಬೇರೆ ಎಲ್ಲ ಬೆಳೆಗಳಲ್ಲಿ ಹೊಸ ಬೀಜ ಕೇಳಿ ರೂಢಿಯಿರುವ ರೈತರು ಇಲ್ಲಿ ಹಳೆಯ ಬೀಜ ಕೇಳಬೇಕು. ಅಕ್ಟೋಬರ್‌ನಲ್ಲಿ ಕೊಯ್ದ ಬೀಜ ಮುಂದಿನ ಜೂನ್ ವೇಳೆಗೆ ಬಿತ್ತನೆಗೆ ಬರುತ್ತದೆ ಎಂದು ಲೆಕ್ಕ ಹಿಡಿಯಬಹುದು. ಹಾಗೆಂದು ನಾಲ್ಕೈದು ವರ್ಷ ಮೂಲೆಯಲ್ಲಿ ಬಿದ್ದ ಬೀಜವನ್ನು ನಂಬುವಂತಿಲ್ಲ. ಬಿತ್ತನೆಗೆ ಹದಿನೈದು ದಿನ ಮೊದಲು ತೊಯ್ಸಿದ ಗೋಣಿ ತಟ್ಟಿನ ಮೇಲೆ 100 ಬೀಜ ಹರಡಿ, ದಿನವೂ ನೀರು ಚಿಮುಕಿಸಿ, ಎಷ್ಟು ಮೊಳೆತವೆಂದು ಎಣಿಸತಕ್ಕದ್ದು. 30ಕ್ಕಿಂತ ಕಡಿಮೆ ಮೊಳೆತಲ್ಲಿ ಬೀಜದ ಪ್ರಮಾಣ ಹೆಚ್ಚಿಸಬೇಕು ಅಥವಾ ಬೀಜ ಬದಲಿಸಬೇಕು.

ಮೂರನೆಯ ಸಂಗತಿ ರೈತರಿಗೆ ಸಂತೋಷ ತರುವಂಥದು. ಅಂಜನ ಹುಲ್ಲಿನಲ್ಲಿ ಬಹುತೇಕ ಬೀಜಗಳು ಪರಾಗದ ಬೆರಕೆಯಿಲ್ಲದೆ ರೂಪುಗೊಳ್ಳುತ್ತವೆ. ಹೀಗಾಗಿ ಮಗಳು ಗಿಡ ತಾಯಿ ಗಿಡದಂತೆಯೇ ಇರುತ್ತದೆ. ಸಂಕರಣ ಜೋಳ, ಗೋವಿನಜೋಳಗಳಂತೆ ಪ್ರತಿ ವರ್ಷ ಬೀಜ ಕೊಳ್ಳುವ ಅಗತ್ಯವಿಲ್ಲ. ಒಮ್ಮೆ ಒಳ್ಳೆಯ ತಳಿ ಕೈಸೇರಿದರೆ ಅದೇ ಹೊಲದ ಬೀಜದಿಂದ ಹೊಲವನ್ನು ವಿಸ್ತರಿಸಬಹುದು, ಪಕ್ಕದವರಿಗೂ ಕೊಡಬಹುದು.

ಭೂಮಿ ಸಿದ್ಧತೆ ಮತ್ತು ಬಿತ್ತನೆ

ಬೇಸಿಗೆಯಲ್ಲಿ ಒಂದು ಸಲ ರೆಂಟೆ ಹೊಡೆದು, ರೋಹಿಣಿ ಮಳೆಗೆ ಮೊಳೆತ ಕಳೆಯನ್ನು ಕುಂಟೆಯಿಂದ ನಾಶಪಡಿಸಬೇಕು. ಎಕರೆಗೆ 2 ಟನ್ ಕೊಟ್ಟಿಗೆ ಗೊಬ್ಬರ ಹರಡುವುದು. ತೀರ ಕಲ್ಲಿರುವ ಭೂಮಿಯಲ್ಲಿ ಪೂರ್ಣ ಉಳುಮೆ ಸಾಧ್ಯವಿಲ್ಲದಿದ್ದರೆ, ಇಳಿಜಾರಿಗೆ ಅಡ್ಡಲಾಗಿ 75 ಸೆಂ.ಮೀ. ಅಂತರದಲ್ಲಿ ಸಾಲುಗಳನ್ನು ಮಾತ್ರ ಕೆದಕಿದರೂ ಸಾಕು. ಅಡ್ಡ ಸಾಲು ಬಹಳ ಮುಖ್ಯ. ಮೃಗಶಿರದ ಬಿರುಮಳೆಯಲ್ಲಿ ಉದ್ದ ಸಾಲಿನ ಬೀಜ ಹಳ್ಳ ಸೇರುತ್ತದೆ.

ಬಿತ್ತನೆಗೆ ಮೃಗಶಿರ ಮಳೆಯ ಕೊನೆ ಮತ್ತು ಆರಿದ್ರಾ ಮಳೆ ಅಂದರೆ ಜೂನ್ ಮಧ್ಯದಿಂದ ಜುಲೈ ಮೊದಲ ವಾರದವರೆಗಿನ ಅವಧಿ ಸೂಕ್ತ. ಭೂಮಿ ಒಮ್ಮೆ ಚೆನ್ನಾಗಿ ತೊಯ್ದ ನಂತರವೇ ಬಿತ್ತಬೇಕು. ಎಕರೆಗೆ 2 ಕಿ.ಗ್ರಾಂ, ಹೆಕ್ಟೇರಿಗೆ 5 ಕಿ.ಗ್ರಾಂ ಬೀಜ ಬೇಕಾಗುತ್ತದೆ. ಕೂದಲಿನಿಂದ ಕೂಡಿದ ಈ ಬೀಜ ಕೂರಿಗೆಯ ತಾಳಿನಲ್ಲಿ ಇಳಿಯುವುದಿಲ್ಲ, ಗಾಳಿಗೆ ಹಾರುತ್ತದೆ. ಇದಕ್ಕೆ ಎರಡು ಉಪಾಯಗಳಿವೆ. ಬೀಜದ ನಾಲ್ಕೈದು ಪಟ್ಟು ಹಸಿ ಮರಳು ಅಥವಾ ತೇವದ ಮಣ್ಣನ್ನು ಬೆರೆಸಿ ಕೈಯಿಂದ ಸಾಲಿನಲ್ಲಿ ಬಿಡುವುದು ಒಂದು. ಜೇಡಿಮಣ್ಣು, ಮರಳು, ಸಗಣಿ ಕಲಸಿ ಅದರಲ್ಲಿ ಬೀಜ ಸೇರಿಸಿ, ಕಡಲೆ ಕಾಳಿನಷ್ಟು ಗಾತ್ರದ ಗೋಲಿಗಳನ್ನು ಮಾಡಿ ನೆರಳಲ್ಲಿ ಒಣಗಿಸಿ ಬಿತ್ತುವುದು ಇನ್ನೊಂದು. ಒಂದೊಂದು ಗೋಲಿಯಲ್ಲಿ ಎರಡು ಮೂರು ಬೀಜ ಇರಬೇಕು. ಗೋಲಿಗೆ ಕೂಲಿ ಹೆಚ್ಚು ತಗಲಿದರೂ ಗಾಳಿ ಮತ್ತು ಇರುವೆಯ ಕಾಟ ತಪ್ಪುತ್ತದೆ.

ಬೀಜವನ್ನು ಆಳಕ್ಕೆ ಹಾಕಬಾರದು. 1 ಸೆಂ.ಮೀ. ಸಾಕು, 2 ಸೆಂ.ಮೀ. ಮೀರಿದರೆ ಮೊಳಕೆ ಮೇಲೆ ಬರಲಾರದು. ಜೋಳ ಬಿತ್ತಿದ ಅಭ್ಯಾಸದಲ್ಲಿ ನಾಲ್ಕು ಬೆರಳು ಆಳಕ್ಕೆ ಬಿತ್ತಿ, ಬೀಜ ಕೆಟ್ಟದ್ದೆಂದು ದೂರುವುದು ಸಾಮಾನ್ಯವಾಗಿದೆ. ಬಿತ್ತಿದ ಸಾಲಿನ ಮೇಲೆ ಮುಳ್ಳಿನ ಕೊಂಬೆಯನ್ನು ಹಗುರವಾಗಿ ಎಳೆದರೆ ಅಷ್ಟೇ ಮಣ್ಣು ಮುಚ್ಚಿದರೆ ಸಾಕು.

ಸಸಿ ಮತ್ತು ಬೇರುಬುಡಗಳ ನಾಟಿ

ಸ್ವಲ್ಪ ಜಮೀನು ಇರುವವರಿಗೆ ನಾಟಿ ಪದ್ಧತಿಯೇ ಖಾತರಿಯಾದದ್ದು. ಮೇ ತಿಂಗಳಿನಲ್ಲಿ ಬಾವಿ ಅಥವಾ ಮನೆಯ ಬಚ್ಚಲು ನೀರು ಸಿಗುವ ಜಾಗದಲ್ಲಿ ಏರು ಮಡಿ ಮಾಡಿ ಬೀಜ ಚೆಲ್ಲಿ, ಐದಾರು ವಾರದ ಸಸಿಗಳನ್ನು ಜುಲೈ ತಿಂಗಳಿನ ಪುನರ್ವಸು ಮಳೆಯಲ್ಲಿ ನೆಡಬಹುದು. ಹಳೆಯ ಹೊಲ ಇರುವಲ್ಲಿ ಬುಡಗಳನ್ನು ಅಗೆದು, ಎಲೆಯನ್ನು 15 ಸೆಂ.ಮೀ.ಗೆ ಕತ್ತರಿಸಿ, ಬೇರು ಸಹಿತ ಎರಡು ಮೂರು ತೆಂಡೆಗಳ ತುಂಡು ಮಾಡಿ ನೆಡಬಹುದು. 50 ಸೆಂ.ಮೀ. ಚೌಕದಲ್ಲಿ ನೆಟ್ಟರೆ ಎಕರೆಗೆ 16,000 ತುಂಡುಗಳು ಬೇಕು. ಮಳೆ ಕಡಿಮೆ ಇರುವ ಮೂಡಲಗಿಯ ಪೂರ್ವ ಭಾಗದಲ್ಲಿ 75 × 50 ಸೆಂ.ಮೀ. ಅಂತರ ಕೊಟ್ಟಲ್ಲಿ ಸುಮಾರು 10,700 ಸಾಕಾಗುತ್ತವೆ. ಸಂಖ್ಯೆ ನೋಡಿ ಅಂಜುವ ಅಗತ್ಯವಿಲ್ಲ. ಮೊದಲ ವರ್ಷ ಐದು ಗುಂಟೆಯಲ್ಲಿ ನೆಟ್ಟು, ಅದನ್ನೇ ತಾಯಿ ಹೊಲವಾಗಿಟ್ಟುಕೊಂಡು ಮುಂದಿನ ವರ್ಷ ವಿಸ್ತರಿಸುವುದು ಖರ್ಚಿಲ್ಲದ ದಾರಿ.

ಹೊಲದ ಬದುಗಳ ಮೇಲೆ ಒಂದೇ ಸಾಲಿನಲ್ಲಿ 30 ಸೆಂ.ಮೀ.ಗೆ ಒಂದರಂತೆ ನೆಡಲೂ ಅಡ್ಡಿಯಿಲ್ಲ. ಬದುವಿನ ಮಣ್ಣು ಕೊಚ್ಚಿ ಹೋಗುವುದು ಕಡಿಮೆಯಾಗುತ್ತದೆ, ಬಿತ್ತುವ ಜಮೀನು ಒಂದಂಗುಲವೂ ಹಾಳಾಗುವುದಿಲ್ಲ.

ಮೊದಲ ವರ್ಷದ ಆರೈಕೆ

ಮೊಳಕೆಯಾದ ಅಂಜನ ಹುಲ್ಲು ಮೊದಲ ಆರು ವಾರ ಬಹಳ ನಿಧಾನವಾಗಿ ಬೆಳೆಯುತ್ತದೆ. ಈ ಕಾಲದಲ್ಲಿ ಅದು ಬೇರಿಗೆ ದುಡಿಯುತ್ತಿರುತ್ತದೆ. ಮೇಲೆ ಕಾಣುವುದು ಕಳೆಯ ಹಸಿರೇ ಹೊರತು ಬೆಳೆಯ ಹಸಿರಲ್ಲ. ಹೊಲ ಹಾಳಾಯಿತೆಂದು ಭಾವಿಸಿ ಪುನಃ ರೆಂಟೆ ಹೊಡೆದವರುಂಟು. ಬಿತ್ತಿದ 3ನೇ ಮತ್ತು 6ನೇ ವಾರದಲ್ಲಿ ಎರಡು ಸಲ ಕಳೆ ತೆಗೆಯುವುದು ಕಡ್ಡಾಯ. ವಿಶೇಷವಾಗಿ ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ ಕೀಳಿಸಬೇಕು.

ಮೊದಲ ಮಳೆಗಾಲದಲ್ಲಿ ಯಾವ ಕಾರಣಕ್ಕೂ ದನ, ಕುರಿಗಳನ್ನು ಹೊಲಕ್ಕೆ ಬಿಡತಕ್ಕದ್ದಲ್ಲ. ಬೇರು ಹಿಡಿಯದ ಬುಡವನ್ನು ಜಾನುವಾರು ಕಿತ್ತು ತಿನ್ನುತ್ತದೆ. ಕುರಿಯ ಗೊರಸು ಹಸಿ ಮಣ್ಣಿನಲ್ಲಿ ಸಸಿಯನ್ನು ಹೂತು ಬಿಡುತ್ತದೆ. ಬೇಲಿಯಿಲ್ಲದ ಮಡ್ಡಿ ಹೊಲದಲ್ಲಿ ಇದನ್ನು ಪಾಲಿಸುವುದು ಎಷ್ಟು ಕಠಿಣ ಎಂಬುದರ ಅರಿವು ಇಲಾಖೆಗೆ ಇದೆ. ಒಬ್ಬೊಬ್ಬರೇ ಬಿತ್ತುವುದಕ್ಕಿಂತ ಅಕ್ಕಪಕ್ಕದ ನಾಲ್ಕೈದು ಹಿಡುವಳಿದಾರರು ಒಟ್ಟಾಗಿ ಬಿತ್ತಿ, ಊರಿನ ಕುರಿಗಾರರೊಂದಿಗೆ ಮೊದಲೇ ಮಾತಾಡಿಕೊಳ್ಳುವುದರಿಂದ ಅರ್ಧ ತೊಂದರೆ ನಿವಾರಣೆಯಾಗುತ್ತದೆ. ಕುರಿಗಾರರು ಈ ಹುಲ್ಲಿನ ವೈರಿಗಳಲ್ಲ. ಎರಡನೇ ವರ್ಷ ಸುಗ್ಗಿಯ ನಂತರ ಅವರ ಹಿಂಡನ್ನೇ ಈ ಹೊಲದಲ್ಲಿ ರಾತ್ರಿ ನಿಲ್ಲಿಸಿದರೆ ಹೊಲಕ್ಕೆ ಹಿಕ್ಕೆ ಗೊಬ್ಬರ, ಹಿಂಡಿಗೆ ಮೇವು ಎರಡೂ ಆಗುತ್ತವೆ.

ಮೊದಲ ವರ್ಷ ಒಂದೇ ಕಟಾವು ಮಾಡಬೇಕು. ಅದೂ ತೆನೆ ಬಲಿತು ಬೀಜ ಉದುರಿದ ಮೇಲೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ. ಉದುರಿದ ಬೀಜ ಮುಂದಿನ ವರ್ಷಗಳಲ್ಲಿ ಖಾಲಿ ಜಾಗಗಳನ್ನು ತಾನೇ ತುಂಬುತ್ತದೆ.

ಗೊಬ್ಬರ

ಬಿತ್ತುವಾಗ ಎಕರೆಗೆ 50 ಕಿ.ಗ್ರಾಂ ಸೂಪರ್ ಫಾಸ್ಫೇಟ್ ಹಾಗೂ 17 ಕಿ.ಗ್ರಾಂ ಯೂರಿಯಾ ಕೊಡಬೇಕು. ಎರಡನೇ ವರ್ಷದಿಂದ ಮೊದಲ ಹದವಾದ ಮಳೆಯ ಬಳಿಕ ಮತ್ತು ಮೊದಲ ಕಟಾವಿನ ಬಳಿಕ ಎಕರೆಗೆ ತಲಾ 17 ಕಿ.ಗ್ರಾಂ ಯೂರಿಯಾ ಮೇಲುಗೊಬ್ಬರವಾಗಿ ಸಾಕು. ಮಳೆ ಬಾರದ ಸಮಯದಲ್ಲಿ ಯೂರಿಯಾ ಹಾಕುವುದರಿಂದ ಪ್ರಯೋಜನವಿಲ್ಲ.

ಕಟಾವು, ಮೇಯಿಸುವಿಕೆ ಮತ್ತು ಇಳುವರಿ

ಎರಡನೇ ವರ್ಷದಿಂದ ಮಳೆ ಆರಂಭವಾದ 50 ರಿಂದ 60 ದಿನಕ್ಕೆ, ತೆನೆ ಹೊರಬರುವ ಹಂತದಲ್ಲಿ ಮೊದಲ ಕಟಾವು ಮಾಡುವುದು. ನಂತರ 40 ರಿಂದ 45 ದಿನಕ್ಕೊಮ್ಮೆ ಕೊಯ್ಯಬಹುದು. ನಮ್ಮ ಮಳೆಯಲ್ಲಿ ಎರಡು, ಒಳ್ಳೆಯ ವರ್ಷ ಮೂರು ಕಟಾವು ದೊರೆಯುತ್ತವೆ. ನೆಲದಿಂದ 10 ರಿಂದ 15 ಸೆಂ.ಮೀ. ಬುಡ ಬಿಟ್ಟು ಕೊಯ್ಯಬೇಕು. ನೆಲಕ್ಕೆ ಹಚ್ಚಿ ಹೆರೆಯುವ ಪದ್ಧತಿಯಿಂದ ಬುಡದ ಸಂಗ್ರಹ ನಷ್ಟವಾಗಿ ಮೂರೇ ವರ್ಷದಲ್ಲಿ ಹೊಲ ತೆಳುವಾಗುತ್ತದೆ. ಹಸ್ತಾ ಮಳೆಯ ನಂತರ ಕೊನೆಯ ಕಟಾವು ಮುಗಿಸಿ ಬೇಸಿಗೆಗೆ ಬುಡಕ್ಕೆ ವಿಶ್ರಾಂತಿ ಕೊಡಬೇಕು.

ಮೇಯಿಸುವವರು ಹೊಲವನ್ನು ನಾಲ್ಕು ಭಾಗ ಮಾಡಿಕೊಂಡು ಸರದಿಯಂತೆ ಮೇಯಿಸುವುದು ಸೂಕ್ತ. ಹುಲ್ಲು ಮೊಣಕಾಲೆತ್ತರ ಬಂದಾಗ ಬಿಟ್ಟು, ಗೇಣುದ್ದಕ್ಕೆ ಇಳಿಯುವ ಮೊದಲು ಎಬ್ಬಿಸಿ, ನಾಲ್ಕರಿಂದ ಆರು ವಾರ ಆ ಭಾಗಕ್ಕೆ ವಿಶ್ರಾಂತಿ ಕೊಡಬೇಕು.

ಮಳೆಯಾಶ್ರಯದಲ್ಲಿ ನೆಲೆಗೊಂಡ ಹೊಲದಿಂದ ವರ್ಷಕ್ಕೆ ಹೆಕ್ಟೇರಿಗೆ 3 ರಿಂದ 5 ಟನ್ ಒಣ ಮೇವು ನಿರೀಕ್ಷಿಸಬಹುದು, ಎಕರೆಗೆ 1.2 ರಿಂದ 2 ಟನ್. ಇದನ್ನು ಮನೆಯ ಲೆಕ್ಕಕ್ಕೆ ಇಳಿಸಿ ನೋಡುವುದು ಉಪಯುಕ್ತ. ಒಂದು ಎಮ್ಮೆಗೆ ದಿನಕ್ಕೆ 12 ಕಿ.ಗ್ರಾಂ ಒಣ ಅಂಶ ಬೇಕೆಂದು ಹಿಡಿದು, ಅದರಲ್ಲಿ ಅರ್ಧವನ್ನು ಅಂಜನ ಹುಲ್ಲಿನಿಂದ, ಉಳಿದುದನ್ನು ಕಣಕಿ, ಶೇಂಗಾ ಹೊಟ್ಟು, ಹಿಂಡಿಗಳಿಂದ ಒದಗಿಸಿದರೆ, ಒಂದು ಎಕರೆ ಒಂದು ಎಮ್ಮೆಯ 200 ರಿಂದ 330 ದಿನದ ಅರ್ಧ ಹೊಟ್ಟೆಯನ್ನು ತುಂಬುತ್ತದೆ. ಸೋಗೆ ಸಿಗುವ ನಾಲ್ಕು ತಿಂಗಳನ್ನು ಕಳೆದರೆ ವರ್ಷದಲ್ಲಿ ಉಳಿಯುವುದು 240 ದಿನ. ಕಬ್ಬು ಬೆಳೆಯದ ಒಂದೆಕರೆ ಮಡ್ಡಿಯ ಬೆಲೆ ಈ ಲೆಕ್ಕದಲ್ಲಿದೆ. ಕುರಿಯಾದಲ್ಲಿ, ಹುಲ್ಲಿನ ಅರ್ಧದಷ್ಟನ್ನು ಮಾತ್ರ ಮೇಯಿಸಿ ಉಳಿದುದನ್ನು ಬುಡಕ್ಕೆ ಬಿಡುವ ನಿಯಮದಂತೆ, ಹೆಕ್ಟೇರಿಗೆ ನಾಲ್ಕರಿಂದ ಆರು ಕುರಿಗಳಿಗಿಂತ ಹೆಚ್ಚು ಬಿಡಬಾರದು.

ಹೆಚ್ಚಾದ ಹುಲ್ಲನ್ನು ಹೂ ಬಿಡುವ ಹಂತದಲ್ಲಿ ಕೊಯ್ದು, ಎರಡು ಮೂರು ದಿನ ಬಿಸಿಲಿಗೆ ತಿರುವಿ ಹಾಕಿ, ಹಸಿರು ಬಣ್ಣ ಇರುವಾಗಲೇ ಬಣವೆ ಒಟ್ಟಬೇಕು. ಎಳೆಯ ಹುಲ್ಲಿನಲ್ಲಿ ಶೇ. 9 ರಿಂದ 11ರಷ್ಟು ಸಸಾರಜನಕ ಇದ್ದರೆ, ಬೀಜವಾದ ಮೇಲೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹುಲ್ಲು ಬಲಿತಷ್ಟೂ ಹೊರೆ ದೊಡ್ಡದಾಗುತ್ತದೆ, ಹಾಲು ಕಡಿಮೆಯಾಗುತ್ತದೆ.

ದ್ವಿದಳ ಮೇವಿನೊಂದಿಗೆ ಮಿಶ್ರಣ

ಅಂಜನ ಹುಲ್ಲಿನ ಎರಡು ಸಾಲಿಗೆ ಒಂದು ಸಾಲಿನಂತೆ ಸ್ಟೈಲೋ ಅಥವಾ ಶಂಖಪುಷ್ಪ ಬಿತ್ತುವುದರಿಂದ ಮೇವಿನ ಪುಷ್ಟಿ ಹೆಚ್ಚುತ್ತದೆ, ಯೂರಿಯಾ ಖರ್ಚು ಉಳಿಯುತ್ತದೆ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿಯಾಗಿರುವುದರಿಂದ ಕುದಿದು ಇಳಿಸಿದ ಬಿಸಿ ನೀರಿನಲ್ಲಿ ಮೂರು ನಾಲ್ಕು ನಿಮಿಷ ಅದ್ದಿ ತೆಗೆದು ಬಿತ್ತಬೇಕು.

ಎಚ್ಚರಿಕೆಗಳು

ಅಂಜನ ಹುಲ್ಲಿನಲ್ಲಿ ಆಕ್ಸಲೇಟ್ ಎಂಬ ಅಂಶವಿದೆ. ಇದು ದೇಹದ ಸುಣ್ಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ದನ, ಎಮ್ಮೆಗಳು ಇದನ್ನು ಬಹುಮಟ್ಟಿಗೆ ಅರಗಿಸಿಕೊಳ್ಳಬಲ್ಲವು. ಕುದುರೆಗಳಿಗೆ ದೀರ್ಘ ಕಾಲ ಇದನ್ನೇ ಮೇಯಿಸಿದರೆ ಮೂಳೆ ರೋಗ ಬರುತ್ತದೆ, ಆದ್ದರಿಂದ ಕುದುರೆಗೆ ಇದೊಂದೇ ಮೇವಾಗಕೂಡದು. ಮರಿ ಹಾಕಿದ ಕುರಿಗಳನ್ನು ಹಸಿದ ಹೊಟ್ಟೆಯಲ್ಲಿ, ಮೊದಲ ಮಳೆಯ ಎಳೆ ಚಿಗುರಿಗೆ ಏಕಾಏಕಿ ಬಿಡಬಾರದು; ಮೊದಲು ಸ್ವಲ್ಪ ಒಣ ಮೇವು ತಿನ್ನಿಸಿ ಬಿಡುವುದು ಕ್ಷೇಮ. ಹಾಲು ಕೊಡುವ ಎಮ್ಮೆ, ಆಕಳಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಬೇಕು. ಕಬ್ಬಿನ ಸೋಗೆಯಲ್ಲಿಯೂ ಇದೇ ಆಕ್ಸಲೇಟ್ ದೋಷವಿರುವುದರಿಂದ ಖನಿಜ ಮಿಶ್ರಣವು ನಮ್ಮ ಭಾಗದ ಹೈನುಗಾರರಿಗೆ ವರ್ಷವಿಡೀ ಅವಶ್ಯ.

ಒಣಗಿದ ಅಂಜನ ಹುಲ್ಲಿಗೆ ಬೆಂಕಿ ಬೇಗ ಹತ್ತುತ್ತದೆ. ಕಬ್ಬಿನ ರವದಿಗೆ ಬೆಂಕಿ ಹಚ್ಚುವ ರೂಢಿ ಇರುವ ಕಡೆ ಹೊಲದ ಸುತ್ತ ಎರಡು ಮೂರು ಮೀಟರ್ ಅಗಲದ ಪಟ್ಟಿಯನ್ನು ಹರಗಿ ಬರಿದಾಗಿಡಬೇಕು. ಈ ಹುಲ್ಲು ತನ್ನ ತವರಿನಾಚೆ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಹಾಗೂ ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ ಸ್ಥಳೀಯ ಸಸ್ಯಗಳನ್ನು ಹಿಂದೂಡಿ, ಕಾಡ್ಗಿಚ್ಚಿಗೆ ಇಂಧನವಾಗಿರುವುದು ವರದಿಯಾಗಿದೆ. ನಮ್ಮಲ್ಲಿ ಇದು ಹೊರಗಿನದಲ್ಲವಾದರೂ ಆ ಅನುಭವವನ್ನು ಕಡೆಗಣಿಸಲಾಗದು. ಅರಣ್ಯ ಪ್ರದೇಶದಲ್ಲಿ ಮತ್ತು ಸ್ಥಳೀಯ ಹುಲ್ಲುಗಳು ಇನ್ನೂ ಚೆನ್ನಾಗಿ ಉಳಿದಿರುವ ಗುಡ್ಡಗಳಲ್ಲಿ ಇದನ್ನು ಬಿತ್ತುವುದು ಬೇಡ. ಹಾಳು ಬಿದ್ದ ಮಡ್ಡಿ, ಕೊರಕಲು ಭೂಮಿ, ಬದುಗಳೇ ಇದರ ಜಾಗ. ರೋಗ, ಕೀಟಗಳ ಬಾಧೆ ನಗಣ್ಯ. ಎಲೆ ಚುಕ್ಕೆ ಕಾಣಿಸಿಕೊಂಡಲ್ಲಿ ಒಂದು ಕಟಾವನ್ನು ಬೇಗ ಮಾಡಿದರೆ ಸಾಕು.

ಗಾಯರಾಣಗಳ ಅಭಿವೃದ್ಧಿ

ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 71ನೇ ಕಲಮಿನಂತೆ ಜಾನುವಾರುಗಳ ಮೇವಿಗಾಗಿ ಸರ್ಕಾರಿ ಭೂಮಿಯನ್ನು ಕಾಯ್ದಿರಿಸಲು ಅವಕಾಶವಿದ್ದು, 1966ರ ನಿಯಮಗಳ 97ನೇ ನಿಯಮವು 100 ಜಾನುವಾರುಗಳಿಗೆ 12 ಹೆಕ್ಟೇರ್ ಪ್ರಮಾಣವನ್ನು ಸೂಚಿಸುತ್ತದೆ. ಕಾಗದದಲ್ಲಿ ಗಾಯರಾಣ ಉಳಿದಿರುವ ಗ್ರಾಮಗಳಲ್ಲಿಯೂ ನೆಲದ ಮೇಲೆ ಹುಲ್ಲು ಉಳಿದಿರುವುದು ಅಪರೂಪ. ಎಲ್ಲರ ದನವೂ ಎಲ್ಲ ದಿನವೂ ಮೇಯುವ ಜಾಗದಲ್ಲಿ ಅಂಜನ ಬೀಜ ಚೆಲ್ಲುವುದು ವ್ಯರ್ಥ. ಗಾಯರಾಣದ ಕಾಲು ಭಾಗವನ್ನು ಮಾತ್ರ ಗ್ರಾಮ ಪಂಚಾಯಿತಿಯ ಠರಾವಿನ ಮೂಲಕ ಎರಡು ಮಳೆಗಾಲ ಮುಚ್ಚಿ, ಅಲ್ಲಿ ಬಿತ್ತನೆ ಮಾಡಿ, ಹುಲ್ಲನ್ನು ಕೊಯ್ದು ಹೊರುವ ಪದ್ಧತಿಯಲ್ಲಿ ಹಂಚಿಕೊಂಡು, ಮೂರನೇ ವರ್ಷ ಆ ಭಾಗವನ್ನು ತೆರೆದು ಇನ್ನೊಂದು ಭಾಗವನ್ನು ಮುಚ್ಚುವುದು ಸಾಧ್ಯವಿರುವ ಕ್ರಮ. ಜಮೀನೇ ಇಲ್ಲದೆ ಒಂದೆರಡು ಆಡು, ಆಕಳು ಸಾಕುವ ಮನೆಗಳಿಗೆ ಮೊದಲ ಹೊರೆ ಸಿಗುವಂತೆ ಠರಾವಿನಲ್ಲಿಯೇ ಬರೆಯಿಸುವುದು ಉಚಿತ. ಮುಚ್ಚಿದ ಗಾಯರಾಣದಿಂದ ಮೊದಲು ನಷ್ಟ ಅನುಭವಿಸುವವರು ಅವರೇ ಆಗಿರುತ್ತಾರೆ.

ಬೀಜ ಸಂಗ್ರಹಣೆ

ತೆನೆಯ ಬೀಜ ಒಂದೇ ಸಲ ಮಾಗುವುದಿಲ್ಲ. ಮೇಲಿನದು ಉದುರುವಾಗ ಕೆಳಗಿನದು ಹಸಿಯಾಗಿರುತ್ತದೆ. ವಾರಕ್ಕೊಮ್ಮೆ ಬೆಳಗಿನ ಇಬ್ಬನಿ ಆರಿದ ಬಳಿಕ ತೆನೆಯನ್ನು ಬೆರಳುಗಳ ನಡುವೆ ಹಿಡಿದು ಎಳೆದರೆ ಮಾಗಿದ ಬೀಜ ಮಾತ್ರ ಕೈಗೆ ಬರುತ್ತದೆ. ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕೊಯ್ದ ತಿಂಗಳನ್ನು ಬರೆದು ಕಟ್ಟಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಸು ಹಿಡಿಯುತ್ತದೆ.

ಹೆಚ್ಚಿನ ಮಾಹಿತಿಗೆ

ಬೀಜ ಮತ್ತು ಬೇರುಬುಡಗಳ ಲಭ್ಯತೆಗಾಗಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಧಾರವಾಡ ಕೇಂದ್ರ ಅಥವಾ ಧಾರವಾಡ ಕೃಷಿ ವಿಶ್ವವಿದ್ಯಾಲಯವನ್ನು ಮಾರ್ಚ್, ಏಪ್ರಿಲ್ ತಿಂಗಳಿನಲ್ಲಿಯೇ ವಿಚಾರಿಸುವುದು. ಜೂನ್‌ನಲ್ಲಿ ಕೇಳಿದರೆ ಬೀಜ ಉಳಿದಿರುವುದಿಲ್ಲ. ಮಣ್ಣು ಪರೀಕ್ಷೆಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು, ಜಾನುವಾರುಗಳ ಆಹಾರ ಮತ್ತು ಖನಿಜ ಮಿಶ್ರಣದ ಕುರಿತು ಸಮೀಪದ ಪಶು ಆಸ್ಪತ್ರೆಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.